ಅಡಿ ಕಾಣಿ

ಸಂಕ್ರಾಂತಿ ಕಳೆದು ಬರುವ ಸಾಲಿಗ್ರಾಮ ಹಬ್ಬಕ್ಕೆ ತಂಗಿಯ ಮಗ ಎರಡು ದಿನ ಮೊದಲೇ ಬಂದಿಳಿದ. ಚೀಲದಲ್ಲಿ ಬಟ್ಟೆಗಿಂತ ಕಾರುಗಳೇ ಹೆಚ್ಚು. ಬೆರಳುದ್ದದ ಲೋಹದ ಹಾಟ್‌ವೀಲ್ಸ್ ಕಾರುಗಳನ್ನು ಒಂದೊಂದಾಗಿ ಬಿಚ್ಚಿ ಜಗಲಿಯ ಮೇಲೆ ಸಾಲಾಗಿ ನಿಲ್ಲಿಸಿದ. ಅವುಗಳಲ್ಲಿ ಎರಡು ನೀಲಿ ಕಾರು, ನನ್ನ ಕಣ್ಣಿಗೆ ಅವಳಿ ಜವಳಿ.

‘ಎರಡೂ ಒಂದೇ ಅಲ್ದನಾ?’ ಎಂದೆ.

‘ಅಲ್ಲ ಮಾವ, ಅಡಿ ಕಾಣಿ.’

ಮಗುಚಿ ನೋಡಿದೆ. ಒಂದರ ತಳ ಬರಿಯ ಲೋಹ, ಇನ್ನೊಂದರದ್ದು ಕರಿ ಪ್ಲಾಸ್ಟಿಕ್. ಒಂದರಲ್ಲಿ ಮಲೇಷ್ಯಾ ಎಂದಿದೆ, ಇನ್ನೊಂದರಲ್ಲಿ ಥಾಯ್ಲೆಂಡ್. ತಳದ ಇಸವಿ ನಂಬಬೇಡಿ ಎಂದ. ಅದು ಆ ವಿನ್ಯಾಸದ ಹಕ್ಕಿನ ವರ್ಷವಂತೆ, ಕಾರು ಹುಟ್ಟಿದ ವರ್ಷವಲ್ಲ. ಹುಟ್ಟಿದ್ದು ಬೇಕಾದರೆ ಪಕ್ಕದ ಪುಟ್ಟ ಮುದ್ರೆ ಹುಡುಕಬೇಕು: ಅಕ್ಷರ ವರ್ಷಕ್ಕೆ, ಅಂಕಿ ವಾರಕ್ಕೆ. ಹನ್ನೊಂದರ ಹುಡುಗನಿಗೆ ಇಷ್ಟೆಲ್ಲ ಗೊತ್ತು, ಮಗ್ಗಿ ಮಾತ್ರ ಹದಿಮೂರರಾಚೆ ಹೋಗುವುದಿಲ್ಲ.

ಇವೆಲ್ಲ ಅಚ್ಚಿಗೆ ಹೊಯ್ದ ಎರಕ. ಸತುವಿಗೆ ಒಂದಿಷ್ಟು ಅಲ್ಯೂಮಿನಿಯಂ ಬೆರೆಸಿದ ಲೋಹ ಸುಮಾರು 385 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದನ್ನು ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ನುಗ್ಗಿಸುತ್ತಾರೆ. ಅಚ್ಚು ಎಂಬುದು ಹುಟ್ಟಿದ್ದೇ ಒಂದರಂತೆ ಇನ್ನೊಂದು ಬರಲಿ ಎಂದು. ಆದರೆ ಲಕ್ಷಗಟ್ಟಲೆ ಹೊಯ್ದ ಮೇಲೆ ಉಕ್ಕೂ ಸವೆಯುತ್ತದೆ. ಬಾಗಿಲಿನ ಗೆರೆ ಮಾಸುತ್ತದೆ. ಯಾರೋ ಅಚ್ಚು ತಿದ್ದಿ ಒಳಗಿನ ಕಂಬ ದಪ್ಪ ಮಾಡುತ್ತಾರೆ. ಬಣ್ಣದ ಡಬ್ಬ ಮುಗಿದು ಹೊಸದು ಬರುತ್ತದೆ, ಹೆಸರು ಅದೇ ನೀಲಿ, ಬಿಸಿಲಿಗೆ ಹಿಡಿದರೆ ಬೇರೆ ನೀಲಿ. ಟ್ಯೂಬ್‌ಲೈಟಿನ ಕೆಳಗೆ ಅವೆರಡೂ ಒಂದೇ ಎಂದು ಸುಳ್ಳು ಹೇಳುತ್ತವೆ. ಹಾಗಾಗಿ ಅವನ ತಪಾಸಣೆಯೆಲ್ಲ ಬೆಳಗಿನ ಹೊತ್ತು, ಜಗಲಿಯ ತುದಿಯಲ್ಲಿ.

ಹುಮ್ಮಸ್ಸಿಗೆ ನಾನೂ ಒಳಗೆ ಹೋಗಿ ಪೆಟ್ಟಿಗೆ ಕೆದಕಿ, ಬೊಂಬಾಯಿ ಹೋಟೆಲಿನಲ್ಲಿದ್ದ ದೊಡ್ಡಪ್ಪ ಎಂದೋ ತಂದುಕೊಟ್ಟ ಲಾರಿ ತಂದೆ. ಕೆಟ್ಟ ವಾಹನ ಎಳೆಯುವ ಡಾಡ್ಜ್ ಲಾರಿ, ಹಿಂದೊಂದು ಕೊಕ್ಕೆ. ತಳದಲ್ಲಿ ಲೆಸ್ನಿ, ಇಂಗ್ಲೆಂಡ್. 1953ರಲ್ಲಿ ಮ್ಯಾಚ್‌ಬಾಕ್ಸ್ ಸರಣಿ ಶುರುಮಾಡಿದವರು ಇವರೇ. ಹುಡುಗನ ಉಸಿರು ನಿಂತೇಹೋಯಿತು. 1965ರ ಈ ಲಾರಿಗೆ ಮುಂಭಾಗ ಹಳದಿ, ಹಿಂಭಾಗ ಹಸಿರು. ಕೆಲವೇ ಕೆಲವು ಮಾತ್ರ ತಿರುಗುಮುರುಗಾಗಿ, ಮುಂದೆ ಹಸಿರು ಹಿಂದೆ ಹಳದಿಯಾಗಿ ಹೊರಬಿದ್ದವು. ಸಂಗ್ರಹಕಾರರು ಅದಕ್ಕಾಗಿ ಪ್ರಾಣ ಬಿಡುತ್ತಾರೆ. ನನ್ನದು ಮುಂದೆ ಹಳದಿಯೇ. ಅದೂ ಬೆಣ್ಣೆಯಷ್ಟು ತೆಳು ಹಳದಿ. ‘ಅಪರೂಪದ ಬಣ್ಣವೇನೋ’ ಎಂದೆ, ಆಸೆ ಬಿಡದೆ. ಅವನು ಕ್ಯಾಬಿನ್ನಿನೊಳಗೆ ಟಾರ್ಚು ಬಿಟ್ಟ. ಒಳಗೋಡೆಯಲ್ಲಿ ಬಿಸಿಲು ಕಾಣದ ಹಳದಿ ಅರಸಿನದಷ್ಟು ದಟ್ಟವಾಗಿ ಕೂತಿತ್ತು. ಹೊರಗಿನದು ನಮ್ಮ ಕಿಟಕಿಕಟ್ಟೆಯ ಬಿಸಿಲು ಬಳಿದ ಬಣ್ಣ. ಮಾರಲು ಹೋದರೆ ಅದು ಕುಂದು. ನನಗೋ, ಆ ಕಿಟಕಿಯ ಅಷ್ಟೂ ಮಧ್ಯಾಹ್ನಗಳು ಅಲ್ಲೇ ಇದ್ದವು.

ಒಂದರಂತೆ ಇನ್ನೊಂದಿಲ್ಲ ಎಂದು ಕಂಡುಹಿಡಿಯುವ ಈ ಹುಚ್ಚು ನಮ್ಮ ಊರಿಗೆ ಹೊಸದೇನಲ್ಲ. ಊರಿನ ಹೆಸರೇ ಸಾಲಿಗ್ರಾಮ. ಊರ ದೇವರು ಗುರುನರಸಿಂಹನ ಮೂರ್ತಿಯೂ ಸಾಲಿಗ್ರಾಮ ಶಿಲೆಯದ್ದೇ ಎನ್ನುತ್ತಾರೆ. ನನ್ನಜ್ಜ ದೇವರ ಪೆಟ್ಟಿಗೆಯ ಕಲ್ಲುಗಳನ್ನು ಬೆಳಕಿಗೆ ಹಿಡಿದು ಚಕ್ರ ಎಣಿಸುತ್ತಿದ್ದರು, ಬಣ್ಣ ನೋಡುತ್ತಿದ್ದರು, ಬಾಯಿಯ ಅಗಲ ಕಂಡು ಇದು ನರಸಿಂಹ, ಪುಟ್ಟದಾದರೆ ವಾಮನ ಎನ್ನುತ್ತಿದ್ದರು. ನೇಪಾಳದ ಗಂಡಕಿಯಿಂದ ಬರುವ ಆ ಕಲ್ಲುಗಳೊಳಗಿನ ಚಕ್ರ ಅಮೋನೈಟ್ ಎಂಬ ಸುರುಳಿ ಚಿಪ್ಪಿನ ಕಡಲಜೀವಿಯ ಗುರುತು. ಸುಮಾರು 15 ಕೋಟಿ ವರ್ಷದ ಹಿಂದೆ, ಹಿಮಾಲಯ ಏಳುವ ಮೊದಲು, ಅಲ್ಲಿ ಸಮುದ್ರವಿತ್ತು. ಸತ್ತ ಚಿಪ್ಪು ಕೆಸರಿನಲ್ಲಿ ಹೂತಿತು, ಕೆಸರು ಕಲ್ಲಾಯಿತು, ಚಿಪ್ಪಿನ ಗೆರೆಗೆರೆಯೂ ಒಳಗೆ ಉಳಿಯಿತು. ಅದೂ ಅಚ್ಚೇ, ಅದೂ ಎರಕವೇ. ಹೊಯ್ದವರು ಮಾತ್ರ ಯಾರೂ ಇರಲಿಲ್ಲ.

ಮರುದಿನ ಪೂಜೆಗೆ ಕೂತಾಗ ಹುಡುಗ ಬಾಗಿಲ ಬಳಿ ಬಂದು ನಿಂತ. ಅಭಿಷೇಕ ಮುಗಿದು ನಾನು ಕಲ್ಲು ಒರೆಸುತ್ತಿದ್ದೆ.

‘ಮಾವ, ಅದ್ರ ಅಡಿ ಕಾಂಬುಕಾತ್ತಾ?’

ಉಪನಯನ ಆಗಿಲ್ಲ, ಅವನು ಮುಟ್ಟುವಂತಿಲ್ಲ. ನಾನೇ ಬೆರಳಲ್ಲಿ ಹಿಡಿದು ಮೆಲ್ಲಗೆ ಮಗುಚಿದೆ. ಅವನು ಬಗ್ಗಿ ನೋಡಿದ, ಕಣ್ಣು ಕಿರಿದು ಮಾಡಿದ, ಟಾರ್ಚು ತರಲು ಓಡಿದ.