ಬಿಚ್ಚಿ ಜೋಡಿಸಿದ ಗಾಡಿ ಹಿಂದಿನದೇ?

ಹಳೆಯ ಮೋಟಾರು ಸೈಕಲೊಂದನ್ನು ಮನೆಯಂಗಳದಲ್ಲಿ ಬಿಚ್ಚಿ, ತೊಳೆದು, ಸವೆದುದನ್ನು ಬದಲಿಸಿ, ಮರಳಿ ಜೋಡಿಸುವುದು ಮೇಲ್ನೋಟಕ್ಕೆ ಬರಿಯ ಕೈಗೆಲಸ. ಆದರೆ ತತ್ತ್ವಜಿಜ್ಞಾಸೆಗೆ ಎಡೆಗೊಡುವ ಪ್ರಶ್ನೆಯೊಂದು ಅದರೊಳಗೆ ಅಡಗಿದೆ. ಹೀಗೆ ಎದ್ದು ನಿಂತ ಗಾಡಿ ಹಿಂದಿನದೇ, ಬೇರೆಯದೇ? ಹಿಂದಿನದೇ ಎಂದು ಹೇಳುವ ಅಧಿಕಾರ ಜೋಡಿಸಿದವನಿಗೆ ಯಾವಾಗ ಬರುತ್ತದೆ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ ತಯಾರಾದ 250 ಸಿ.ಸಿ. ಜಾವಾ ಗಾಡಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. 1973ರಿಂದ ಅಲ್ಲಿನ ಗಾಡಿಗಳು ಯೆಜ್ಡಿ ಎಂಬ ಹೆಸರು ತಳೆದುವು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಆದರೂ ಅದರ ಗಾಡಿಗಳನ್ನು ಮನೆಯಲ್ಲಿಯೇ ಪುನರುಜ್ಜೀವಿಸುವವರು ಇಂದಿಗೂ ಇದ್ದಾರೆ. ಸಿಲಿಂಡರು ಸವೆದರೆ ಅದನ್ನು ಕೊರೆಸಿ ತುಸು ಅಗಲ ಮಾಡಿಸಿ, ಅದಕ್ಕೆ ತಕ್ಕಂತೆ ತುಸು ದೊಡ್ಡ ಪಿಸ್ಟನ್ ತೊಡಿಸುತ್ತಾರೆ. ಆಗ ಪಿಸ್ಟನ್ ಹೊಸದು. ಉಳಿದುಕೊಂಡ ಸಿಲಿಂಡರೂ ಯಥಾವತ್ತಾಗಿ ಮೊದಲಿನದಲ್ಲ.

ಪಾಲಿ ಭಾಷೆಯ ‘ಮಿಲಿಂದಪಞ್ಹ’ದಲ್ಲಿ ನಾಗಸೇನ ಭಿಕ್ಷು ಮಿಲಿಂದ ರಾಜನನ್ನು ರಥದ ವಿಷಯವಾಗಿ ಕೇಳುತ್ತಾನೆ: ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ ಎಂದು. ಬಿಡಿಬಿಡಿಯಾಗಿ ಯಾವುದೂ ರಥವಲ್ಲ; ಇವೆಲ್ಲವನ್ನು ಆಶ್ರಯಿಸಿ ರಥವೆಂಬ ಹೆಸರು ನಡೆಯುತ್ತದೆ. ಗೋಣಿಯ ಮೇಲೆ ಹರಡಿದ ಬಿಡಿಭಾಗಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಒಂದು ನಟ್ಟೂ ಕಡಿಮೆಯಾಗಿಲ್ಲ. ಆದರೆ ಗಾಡಿ ಇಲ್ಲ.

ಹಾಗಾದರೆ ಜೋಡಣೆಯ ಕ್ರಮವೇ ಗಾಡಿಯೆನ್ನೋಣವೇ? ಅದೂ ಸಾಲದು. ಒಂದೇ ಕ್ರಮದ ಗಾಡಿಗಳು ಸಾವಿರಾರು ಹೊರಬಿದ್ದಿವೆ. ಇದು ನನ್ನ ತಂದೆಯದು, ಅದು ನೆರೆಯವರದು ಎಂಬ ಭೇದವನ್ನು ಕ್ರಮವು ಹೇಳಲಾರದು. ಇಲ್ಲಿ ಕಾನೂನು ಒಂದು ಸುಳಿವನ್ನು ಕೊಡುತ್ತದೆ. ಚಾಸಿಸ್ ಸಂಖ್ಯೆಯೂ ಎಂಜಿನ್ ಸಂಖ್ಯೆಯೂ ನೋಂದಣಿ ಪುಸ್ತಕದಲ್ಲಿರುತ್ತವೆ. ಎಂಜಿನ್ ಬದಲಾದರೆ ಅದನ್ನು ದಾಖಲೆ ಮಾಡಿಸಬೇಕು. ಏನೂ ಬದಲಾಗಕೂಡದೆಂದು ಕಾನೂನು ಕೇಳುವುದಿಲ್ಲ. ಬದಲಾದುದನ್ನು ಮರೆಮಾಚಕೂಡದೆಂದು ಕೇಳುತ್ತದೆ. ಸಂಖ್ಯೆಯನ್ನು ಅಳಿಸಿ ಬೇರೊಂದನ್ನು ಕೆತ್ತಬಹುದು. ಸತ್ಯವಾದ ಚರಿತ್ರೆಯನ್ನು ಹಾಗೆ ಕೆತ್ತಲಾಗದು.

ಇಲ್ಲಿಗೆ ಪ್ರಶ್ನೆ ತತ್ತ್ವದಿಂದ ನೀತಿಗೆ ಬರುತ್ತದೆ. ಜಾವಾದ ಎರಡು ಹೊಡೆತದ ಎಂಜಿನ್ನಿನಲ್ಲಿ ಪೆಟ್ರೋಲು-ಗಾಳಿಯ ಮಿಶ್ರಣವು ಮೊದಲು ಕ್ರ್ಯಾಂಕ್‌ಕೇಸಿನೊಳಗೆ ಒತ್ತಲ್ಪಟ್ಟು ಆಮೇಲೆ ಸಿಲಿಂಡರಿಗೆ ಏರುತ್ತದೆ. ಆದುದರಿಂದ ಆ ಕೋಶಕ್ಕೆ ಹೊರಗಾಳಿ ನುಸುಳಬಾರದು. ಅದನ್ನು ತಡೆಯುವುದು ಕ್ರ್ಯಾಂಕಿನ ತುದಿಗಳಲ್ಲಿರುವ ಸಣ್ಣ ಆಯಿಲ್ ಸೀಲುಗಳು. ಅವು ಹಳತಾಗಿ ಗಟ್ಟಿಯಾದರೆ ಗಾಳಿ ಒಳನುಗ್ಗಿ, ಮಿಶ್ರಣ ತೆಳುವಾಗಿ, ಎಂಜಿನ್ ಮಿತಿಮೀರಿ ಕಾಯುತ್ತದೆ. ಓಡುತ್ತಿರುವಾಗಲೇ ಪಿಸ್ಟನ್ ಸಿಲಿಂಡರಿಗೆ ಕಚ್ಚಿ ಹಿಂದಿನ ಚಕ್ರ ನಿಂತುಬಿಡಲೂಬಹುದು. ಈ ಸೀಲುಗಳು ಹೊರಗಿನ ಕಣ್ಣಿಗೆ ಕಾಣುವುದಿಲ್ಲ. ಟ್ಯಾಂಕಿನ ಬಣ್ಣವನ್ನಾದರೋ ದಾರಿಹೋಕರೂ ಮೆಚ್ಚುತ್ತಾರೆ. ಮನೆಯಂಗಳದಲ್ಲಿ ಮೇಲ್ವಿಚಾರಕನಿಲ್ಲ. ಬಣ್ಣಕ್ಕೆ ಹಣ ಸುರಿದು ಸೀಲನ್ನು ಹಾಗೆಯೇ ಬಿಟ್ಟವನು ಹೆಸರನ್ನು ಉಳಿಸಿಕೊಂಡು ಗಾಡಿಯನ್ನು ಕಳೆದುಕೊಂಡಿದ್ದಾನೆ. ನಂಬಿ ಏರುವವನ ಪ್ರಾಣವನ್ನೂ ಪಣಕ್ಕಿಟ್ಟಿದ್ದಾನೆ.

ಆದುದರಿಂದ ನನ್ನ ಮತಿಗೆ ತೋರುವುದಿಷ್ಟು: ಯಾವುದನ್ನು ಬದಲಿಸಿದೆ, ಯಾವುದನ್ನು ಉಳಿಸಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಬಲ್ಲವನಿಗೆ, ಓಡುವ ಗುಣವನ್ನು ಮರಳಿಸಿದವನಿಗೆ, ಇದು ಅದೇ ಗಾಡಿ ಎನ್ನುವ ಅಧಿಕಾರವುಂಟು.

ಗಡಿಯಾಚೆ ಕನ್ನಡ ಕಲಿಸುವ, ಕಲಿಯುವ ನಮಗೆ ಈ ವಿಚಾರ ದೂರದ್ದಲ್ಲ. ನೆರೆನುಡಿಯ ಮಾತುಗಳು ನಮ್ಮ ನುಡಿಗೆ ಬಂದು ಸೇರಿವೆ, ಹಳೆಯ ಕೆಲವು ಬಿದ್ದುಹೋಗಿವೆ. ಅದಕ್ಕಾಗಿ ನಾಚಬೇಕಾದುದಿಲ್ಲ. ಸಮಾರಂಭದ ಬಣ್ಣವೊಂದನ್ನೇ ಕಾಪಾಡಿ, ಮನೆಯ ಮಾತಿನಲ್ಲಿ ಕನ್ನಡವನ್ನು ನಿಲ್ಲಿಸಿಬಿಟ್ಟೆವೆ ಎಂಬುದನ್ನು ಮಾತ್ರ ನಾವು ಕೇಳಿಕೊಳ್ಳಬೇಕು.