ಕರ್ತೃ ತೆರಳಿದ ಬಳಿಕ

ಕರ್ಮವು ಮುಗಿದು, ಕರ್ತೃವೂ ಇಲ್ಲವಾದ ಮೇಲೆ ಉದಿಸುವ ಫಲವು ಯಾರಿಗೆ ಸಲ್ಲತಕ್ಕದ್ದೆಂಬುದನ್ನು ನಮ್ಮ ಶಾಸ್ತ್ರಕಾರರು ಯಜ್ಞಶಾಲೆಯನ್ನು ಕಣ್ಣಮುಂದಿಟ್ಟುಕೊಂಡು ವಿಚಾರಿಸಿದರು. ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಗಳಲ್ಲಿಯೂ, ಕೇಳುವವರಿಲ್ಲದಿದ್ದರೂ, ಆ ಪ್ರಶ್ನೆಗೆ ಎಡೆಯುಂಟು.

ಅಲ್ಲಿನ ದೊಡ್ಡ ಸಂಗೀತನಾಟಕದ ಕಡೆಯ ತಾಲೀಮಿನ ವಾರಗಳಲ್ಲಿ ನಿರ್ದೇಶಕನ ಅಧಿಕಾರವು ಶಿಖರಕ್ಕೇರುವುದೂ ಕರಗತೊಡಗುವುದೂ ಏಕಕಾಲದಲ್ಲಿ. ಅದುವರೆಗೆ ಪಿಯಾನೋ ಒಂದರ ಆಸರೆಯಲ್ಲಿ ಹಾಡುತ್ತಿದ್ದವರು ಮೊದಲ ಸಲ ಪೂರ್ಣ ವಾದ್ಯವೃಂದಕ್ಕೆ ದನಿಗೂಡಿಸುವರು. ದೀಪ, ಪರದೆ, ಸಜ್ಜಿಕೆಗಳ ಒಂದೊಂದು ಚಲನೆಯೂ ಹೊಂದಿಕೊಳ್ಳುವವರೆಗೆ ನಟರು ಒಂದೇ ಹೆಜ್ಜೆಯನ್ನು ಬೇಸರ ಬರುವಷ್ಟು ಸಲ ಇಡಬೇಕಾಗುವುದು. ಕತ್ತಲಾದ ಪ್ರೇಕ್ಷಾಗೃಹದ ನಡುವೆ ಮೇಜು ಹಾಕಿಸಿಕೊಂಡು ಕುಳಿತವನ ಒಂದು ಮಾತಿಗೆ ರಂಗವೂ ನೇಪಥ್ಯವೂ ಒಟ್ಟಿಗೆ ತಡೆದು ನಿಲ್ಲುವುವು. ಆದರೆ ಆ ಮಾತುಗಳೆಲ್ಲ ಸ್ಟೇಜ್ ಮ್ಯಾನೇಜರನ ಪುಸ್ತಕವನ್ನು ಸೇರುತ್ತಿರುತ್ತವೆ. ಮೊದಲ ಪ್ರದರ್ಶನವಾದೊಡನೆ ಆಳ್ವಿಕೆ ಆ ಪುಸ್ತಕದ್ದು. ನಮ್ಮ ಯಕ್ಷಗಾನದ ಭಾಗವತರಾದರೋ ತಾಳ ಹಿಡಿದು ರಂಗದ ಮೇಲೆಯೇ ಕುಳಿತು ಆಟವನ್ನು ನಡೆಸುವರು, ಅವರಿಲ್ಲದೆ ಆಟವಿಲ್ಲ. ಬ್ರಾಡ್‌ವೇಯ ನಿರ್ದೇಶಕನ ಕಸುಬು, ತಾನಿಲ್ಲದೆಯೂ ಆಟ ನಡೆಯುವಂತೆ ಮಾಡುವುದು.

ಗವರ್ ಚಾಂಪಿಯನ್ ಎಂಬಾತನ ಸಂಗತಿಯಲ್ಲಿ ಇದು ಕ್ರೂರವೆನಿಸುವಷ್ಟು ಅಕ್ಷರಶಃ ನಿಜವಾಯಿತು. ಆತ ನಿರ್ದೇಶಿಸಿ ನೃತ್ಯ ಸಂಯೋಜಿಸಿದ ‘ಫಾರ್ಟಿ ಸೆಕೆಂಡ್ ಸ್ಟ್ರೀಟ್’ ಎಂಬ ನಾಟಕದ ಕಥೆಯೂ, ಒಬ್ಬ ನಿರ್ದೇಶಕನು ಸಂಗೀತನಾಟಕವನ್ನು ರಂಗಕ್ಕೆ ತರಲು ಹೆಣಗುವುದೇ. ರಕ್ತದ ಅಪರೂಪದ ಕಾಯಿಲೆಯಿಂದ ನವೆಯುತ್ತಲೇ ಅದನ್ನು ಸಿದ್ಧಗೊಳಿಸಿದ ಚಾಂಪಿಯನ್, 1980ರ ಆಗಸ್ಟ್ 25ರಂದು, ವಿಂಟರ್ ಗಾರ್ಡನ್ ರಂಗಮಂದಿರದಲ್ಲಿ ಮೊದಲ ಪ್ರದರ್ಶನವಿದ್ದ ದಿನವೇ, ತೀರಿಕೊಂಡ. ನಿರ್ಮಾಪಕ ಡೇವಿಡ್ ಮೆರಿಕ್ ಆ ವಾರ್ತೆಯನ್ನು ಮೇಳದವರಿಂದ ಮುಚ್ಚಿಟ್ಟು, ಆಟ ಮುಗಿದು ಕರತಾಡನ ಮೊಳಗುತ್ತಿರುವಾಗ ತಾನೇ ರಂಗಕ್ಕೆ ಬಂದು ಸಾರಿದ. ಕಡೆಗೆ ಪರದೆ ಇಳಿಸಿರೆಂದು ಕೂಗಿದವನು ನಟ ಜೆರ್ರಿ ಓರ್ಬಾಖ್. ನಾಟಕವಾದರೋ 1989ರ ಜನವರಿಯವರೆಗೆ 3,486 ಪ್ರದರ್ಶನಗಳನ್ನು ಕಂಡಿತು.

ಬ್ರಹ್ಮಸೂತ್ರದಲ್ಲಿ ಕರ್ತೃತ್ವಕ್ಕೆ ಬಡಗಿಯ ದೃಷ್ಟಾಂತವಿದೆ. ಬಾಚಿಯನ್ನು ಹಿಡಿದಿರುವಾಗ ಅವನು ಕರ್ತೃ, ಆಯಾಸಗೊಳ್ಳುವವನು; ಮನೆಗೆ ಬಂದು ಉಪಕರಣಗಳನ್ನು ಕೆಳಗಿಟ್ಟಾಗ ಸ್ವಸ್ಥ; ಅಂತೆಯೇ ಆತ್ಮನ ಕರ್ತೃತ್ವವೂ ಉಪಾಧಿಯಿಂದ ಬಂದದ್ದು, ಸ್ವಭಾವವಲ್ಲ ಎಂದು ಶಂಕರರ ವಿವರಣೆ. ಸುಂದರವಾದ ಮಾತು. ಆದರೆ ಕೆಳಗಿಟ್ಟ ಬಾಚಿ ಮರವನ್ನು ಕೆತ್ತದು. ಚಾಂಪಿಯನ್ನನ ಉಪಕರಣಗಳು ಸಚೇತನವಾದುವು, ಅವನು ಸತ್ತ ಸಂಜೆಯೇ, ಸತ್ತನೆಂದರಿಯದೆ, ಅವನ ಹೆಜ್ಜೆಗಳನ್ನು ಕುಣಿದುವು. ಇಂತಹ ಸಂದರ್ಭಕ್ಕೆ ವೇದಾಂತಿಗಿಂತ ಮೀಮಾಂಸಕನೇ ಹೆಚ್ಚು ಒದಗಿಬರುತ್ತಾನೆಂದು ನನ್ನ ಮತ. ಯಾಗವು ಕ್ಷಣದಲ್ಲಿ ಮುಗಿದರೂ ಅದರಿಂದ ಹುಟ್ಟಿದ ಅಪೂರ್ವವೆಂಬ ಕಾಣದ ಶಕ್ತಿ ಫಲದವರೆಗೆ ನಿಲ್ಲುವುದೆಂದು ಅವನ ಸಿದ್ಧಾಂತ. ಆದರೆ ಫಲಭಾಗಿ ಯಾರು? ಹೋಮ ಮಾಡಿದ ಋತ್ವಿಜನಲ್ಲ. ದ್ರವ್ಯವನ್ನು ಒದಗಿಸಿ, ದಕ್ಷಿಣೆ ಕೊಟ್ಟು ಮಾಡಿಸಿದ ಯಜಮಾನ. ಎಂದಮೇಲೆ ಆ 3,486 ಇರುಳುಗಳ ಒಡೆಯನು ಮೆರಿಕ್!

ಈ ನಿರ್ಣಯ ನನಗೆ ರುಚಿಸದು. ಮೆರಿಕ್ ಸಾವನ್ನೂ ಪ್ರಚಾರಕ್ಕೆ ಬಳಸಿದನೆಂದು ಆಗಲೇ ಜನ ಆಡಿಕೊಂಡಿದ್ದರು. ಆದರೂ ಅದನ್ನು ತಳ್ಳಿಹಾಕುವಂತಿಲ್ಲ. ಋತ್ವಿಜನಿಗೆ ಆ ಶಾಸ್ತ್ರ ಉಳಿಸಿರುವುದು ದಕ್ಷಿಣೆ, ಮತ್ತು ಕ್ರಿಯೆಯಲ್ಲಿ ಲೋಪ ಬಾರದಂತೆ ನೋಡಿಕೊಳ್ಳುವ ಹೊಣೆ. ಕಡೆಯ ವಾರಗಳಲ್ಲಿ ಚಾಂಪಿಯನ್ನನ ಬಲಗುಂದಿದ ದೇಹವನ್ನು ತಾಲೀಮಿಗೆ ಎಳೆದು ತರುತ್ತಿದ್ದುದು ಎರಡನೆಯದೇ ಇರಬೇಕು. 1981ರಲ್ಲಿ ನೃತ್ಯ ಸಂಯೋಜನೆಗಾಗಿ ಅವನ ಹೆಸರಿಗೆ ಸಂದ ಟೋನಿ ಪ್ರಶಸ್ತಿಯನ್ನು ದಕ್ಷಿಣೆಯೆಂದೆಣಿಸಬೇಕೆ, ಫಲವೆಂದೆಣಿಸಬೇಕೆ ಎಂಬುದು ಮಾತ್ರ ಮೀಮಾಂಸಕನನ್ನೂ ತೊಡಕಿಗೆ ಸಿಕ್ಕಿಸೀತು.