ಹಳದಿ ಶಂಖ, ನೀಲಿ ಬಿಳುಪು

ಕಾಮಾಲೆಯಾದವನಿಗೆ ಬಿಳಿ ಶಂಖ ಹಳದಿಯಾಗಿ ಕಾಣುತ್ತದೆ. ಈ ಒಂದು ಶಂಖವನ್ನು ಮುಂದಿಟ್ಟುಕೊಂಡು ಭಾರತದ ದಾರ್ಶನಿಕರು ಶತಮಾನಗಳ ಕಾಲ ವಾದಿಸಿದ್ದಾರೆ. ಕಂಡದ್ದು ನಿಜವೆಂದು ಕಂಡ ಅರಿವೇ ಹೇಳಬಲ್ಲದೋ, ಹೊರಗಿನಿಂದ ಇನ್ನೊಂದು ಆಧಾರ ಬರಬೇಕೋ? ಸಿಂಧನೂರು, ಲಿಂಗಸುಗೂರು, ಮಸ್ಕಿಯಂಥ ಊರುಗಳಲ್ಲಿ ಮದುವೆ, ಜಾತ್ರೆಗಳ ವಿಡಿಯೋ ಎಡಿಟ್ ಮಾಡುವವರ ಮುಂದೆ ಇಂದು ಇದೇ ಪ್ರಶ್ನೆ ಬಂದು ನಿಂತಿದೆ.

ಲ್ಯಾಪ್‌ಟಾಪಿನ ಪರದೆ ಸಣ್ಣದು, ಬಣ್ಣ ತಿದ್ದಲೆಂದೇ ಮಾಡಿದ ಮಾನಿಟರ್ ದುಬಾರಿ. ಮನೆಯಲ್ಲಿ 43 ಇಂಚಿನ ಟಿವಿ ಹೇಗೂ ಇದೆ. ಒಂದು ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದರೆ ಕೆಲಸ ಶುರು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಟಿವಿ ಹುಟ್ಟಿದ್ದು ಸಾಕ್ಷಿ ಹೇಳುವುದಕ್ಕಲ್ಲ, ಮೆಚ್ಚಿಸುವುದಕ್ಕೆ. ಅಂಗಡಿಯ ಝಗಮಗ ಬೆಳಕಿನಲ್ಲಿ ಪಕ್ಕದ ಟಿವಿಗಿಂತ ತಾನು ಎದ್ದು ಕಾಣಬೇಕು. ಅದಕ್ಕೇ ಅದರ ‘ವಿವಿಡ್’ ಮೋಡ್ ಬಣ್ಣವನ್ನು ಗಾಢ ಮಾಡುತ್ತದೆ, ಬಿಳುಪಿಗೆ ನೀಲಿ ಬೆರೆಸುತ್ತದೆ, ಅಂಚುಗಳನ್ನು ಚೂಪಾಗಿಸುತ್ತದೆ. ಇದನ್ನೇ ನಂಬಿ ಕೂತ ಎಡಿಟರ್ ಈಗಾಗಲೇ ಕೆಂಪೇರಿದ ಸೀರೆಯ ಕೆಂಪನ್ನು ತಗ್ಗಿಸುತ್ತಾನೆ. ಆ ವಿಡಿಯೋ ಬೇರೆಡೆ ತೆರೆದಾಗ ಸೀರೆ ಸಪ್ಪೆಯಾಗಿರುತ್ತದೆ.

14ನೆಯ ಶತಮಾನದ ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ಪ್ರತ್ಯಕ್ಷಕ್ಕೆ ಒಂದು ಷರತ್ತು ಹಾಕುತ್ತಾರೆ: ಇಂದ್ರಿಯಕ್ಕೂ ದೋಷವಿರಬಾರದು, ವಸ್ತುವಿಗೂ ದೋಷವಿರಬಾರದು. ಆಮೇಲೆ ದೋಷಗಳನ್ನು ಬಿಡಿಬಿಡಿಯಾಗಿ ಎಣಿಸುತ್ತಾರೆ. ಅತಿ ದೂರ, ಅತಿ ಸಮೀಪ, ಅಡ್ಡ ಬಂದ ಮರೆ, ತನ್ನಂಥದ್ದೇ ಇನ್ನೊಂದರಲ್ಲಿ ಬೆರೆತುಹೋಗುವುದು, ಕಣ್ಣಿನ ಕಾಮಾಲೆ, ಮನಸ್ಸು ಅಲ್ಲಿಲ್ಲದಿರುವುದು. ಟಿವಿಯ ಮುಂದೆ ಕೂತವನಿಗೆ ಈ ಪಟ್ಟಿ ಬೆರಗು ಹುಟ್ಟಿಸುವಷ್ಟು ಹತ್ತಿರದ್ದು.

ಸಮೀಪದ ದೋಷ ಬಲು ಬೇಗ ಗೊತ್ತಾಗುತ್ತದೆ. 43 ಇಂಚಿನ ಫುಲ್ ಎಚ್‌ಡಿ ಟಿವಿಯಲ್ಲಿ ಇಂಚಿಗೆ ಸುಮಾರು 51 ಪಿಕ್ಸೆಲ್; ಮೇಜಿನ ಮೇಲಿಟ್ಟು ನೋಡಿದರೆ ಅಕ್ಷರ ಒಡೆಯುತ್ತದೆ. ಅದೇ ಅಳತೆಯ 4ಕೆ ಟಿವಿಯಲ್ಲಿ ಸುಮಾರು 102 ಇರುವುದರಿಂದ ಕೆಲಸ ನಡೆಯುತ್ತದೆ. ಮರೆ ಎಂದರೆ ಓವರ್‌ಸ್ಕ್ಯಾನ್: ಹಳೆಯ ಪಿಕ್ಚರ್ ಟ್ಯೂಬಿನ ಕಾಲದಿಂದ ಉಳಿದುಬಂದ ಈ ಅಭ್ಯಾಸದಿಂದ ಟಿವಿ ಚಿತ್ರದ ನಾಲ್ಕೂ ಅಂಚನ್ನು ಸ್ವಲ್ಪ ಕತ್ತರಿಸಿಬಿಡುತ್ತದೆ, ಸಾಲಿನ ಕೊನೆಗೆ ನಿಂತ ಸೋದರತ್ತೆ ಮಾಯವಾಗುತ್ತಾಳೆ. ಬೆರೆತುಹೋಗುವ ದೋಷ ಇವೆಲ್ಲಕ್ಕಿಂತ ಮೋಸದ್ದು. ಕಂಪ್ಯೂಟರ್ ಬೆಳಕನ್ನು 0ಯಿಂದ 255ರವರೆಗೆ ಕಳಿಸುತ್ತಿದ್ದು, ಟಿವಿ 16ರಿಂದ 235ರ ಲೆಕ್ಕದಲ್ಲಿ ಓದಿದರೆ ಕಪ್ಪಿನೊಳಗಿನ ವಿವರವೆಲ್ಲ ಒಂದೇ ಕಪ್ಪಾಗುತ್ತದೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಹೆಸರಾದದ್ದು; ಹಿಂದೂ ಮುಸ್ಲಿಮರಿಬ್ಬರೂ ಹರಕೆ ಹೊತ್ತು ಬರುತ್ತಾರೆ. ಅದರ ವಿಡಿಯೋದಲ್ಲಿ ರಾತ್ರಿ ಹೊತ್ತು ಅಲಾಯಿ ದೇವರ ಹಿಂದೆ ನಿಂತ ಭಕ್ತರ ಮುಖಗಳು ಇಂಥ ಟಿವಿಯಲ್ಲಿ ಇಲ್ಲವೇ ಇಲ್ಲ. ಮುಖ ಕ್ಯಾಮೆರಾದಲ್ಲಿದೆ, ಫೈಲಿನಲ್ಲಿದೆ, ನೋಟದಲ್ಲಿಲ್ಲ.

ಇವಕ್ಕೆಲ್ಲ ಮದ್ದುಂಟು. ಓವರ್‌ಸ್ಕ್ಯಾನ್ ನಿಲ್ಲಿಸುವುದು, ಎರಡೂ ಕಡೆ ಬೆಳಕಿನ ವ್ಯಾಪ್ತಿ ಹೊಂದಿಸುವುದು, ಇನ್‌ಪುಟ್‌ಗೆ ‘ಪಿಸಿ’ ಎಂದು ಹೆಸರಿಡುವುದು, ಚಲನೆಯನ್ನು ನುಣುಪಾಗಿಸುವ ಸೌಲಭ್ಯ ಆರಿಸುವುದು, ಮೂವಿ ಮೋಡ್‌ಗೋ 2019ರಲ್ಲಿ ಘೋಷಣೆಯಾದ ಫಿಲ್ಮ್‌ಮೇಕರ್ ಮೋಡ್‌ಗೋ ಹೋಗುವುದು. ಇಲ್ಲಿಯೇ ಶಂಖದ ಕಥೆ ತಿರುವುಮುರುವಾಗುತ್ತದೆ. ವಿಡಿಯೋದ ಬಿಳುಪಿಗೆ ಒಪ್ಪಿತವಾದ ಅಳತೆ ಸುಮಾರು 6500 ಕೆಲ್ವಿನ್. ಅದಕ್ಕೆ ಹತ್ತಿರವಿರುವ ‘ವಾರ್ಮ್’ ಹಾಕಿದ ಕೂಡಲೇ ಮನೆಮಂದಿಯೆಲ್ಲ ಟಿವಿ ಹಳದಿಯಾಯಿತು ಎನ್ನುತ್ತಾರೆ. ಶಂಖ ಬಿಳಿಯೇ ಇದೆ. ನೀಲಿಗೆ ಒಗ್ಗಿದ ಕಣ್ಣಿಗೆ ಸರಿಯಾದದ್ದೇ ಕಾಮಾಲೆಯಂತೆ ಕಾಣುತ್ತಿದೆ.

ಹಾಗಾದರೆ ಯಾರ ಮಾತು ನಂಬಬೇಕು? ಅರಿವಿನ ಪ್ರಾಮಾಣ್ಯ ಹೊರಗಿನಿಂದ ಸಿದ್ಧವಾಗಬೇಕೆಂದು ನ್ಯಾಯದರ್ಶನದವರಾದ ನೈಯಾಯಿಕರು ಹೇಳುತ್ತಾರೆ; ಅವರ ಮಾತು ಹಿಡಿದರೆ ಬಣ್ಣ ಅಳೆಯುವ ಉಪಕರಣ ಬೇಕು. ಆ ಉಪಕರಣ ಸರಿಯೆಂದು ಹೇಳಲು ಮತ್ತೊಂದು ಬೇಕಾಗುವುದಿಲ್ಲವೇ ಎಂಬುದು ಅವರ ಎದುರಾಳಿಗಳ ಆಕ್ಷೇಪ. ತುಂಗಭದ್ರೆಯ ನಡುಗಡ್ಡೆಯ ನವಬೃಂದಾವನದಲ್ಲಿ ನೆಲೆಸಿರುವ ವ್ಯಾಸತೀರ್ಥರು ‘ತರ್ಕತಾಂಡವ’ದಲ್ಲಿ ಈ ವಾದವನ್ನು ಕೈಗೆತ್ತಿಕೊಂಡಿದ್ದಾರೆ. ಜಯತೀರ್ಥ, ವ್ಯಾಸತೀರ್ಥರಂಥ ಮಾಧ್ವರ ಪ್ರಕಾರ ಅರಿವು ತನ್ನಷ್ಟಕ್ಕೇ ನಂಬತಕ್ಕದ್ದು, ಅದರ ನಿಜವನ್ನು ಹಿಡಿಯುವುದು ಒಳಗಿನ ಸಾಕ್ಷಿ. ಸಂಶಯ ಬಂದಾಗ ಮಾತ್ರ ಪರೀಕ್ಷೆ. ಪರೀಕ್ಷೆ ನಿಜವನ್ನು ಹೊಸದಾಗಿ ತಂದುಕೊಡುವುದಿಲ್ಲ, ಅಡ್ಡಿಯನ್ನು ತೆಗೆಯುತ್ತದೆ. ಎಡಿಟರ್‌ಗೆ ಈ ನಿಲುವೇ ಹೆಚ್ಚು ಒದಗುತ್ತದೆ. ಉಪಕರಣ ಕೊಳ್ಳಲಾಗದವನೂ ಟೆಸ್ಟ್ ಚಾರ್ಟ್ ಹಾಕಿ, ಅದೇ ದೃಶ್ಯವನ್ನು ಲ್ಯಾಪ್‌ಟಾಪಿನಲ್ಲಿ, ಫೋನಿನಲ್ಲಿ ನೋಡಿ ಟಿವಿಯ ಅಡ್ಡಿಗಳನ್ನು ಒಂದೊಂದಾಗಿ ಕಳೆಯಬಹುದು.

ಮಸ್ಕಿಗೆ ಇಂಥ ಪರೀಕ್ಷೆ ಹೊಸದಲ್ಲ. ಬ್ರಾಹ್ಮಿ ಲಿಪಿಯನ್ನು ಪ್ರಿನ್ಸೆಪ್ 1837ರಲ್ಲಿ ಬಿಡಿಸಿದ ಮೇಲೆ, ಶಾಸನಗಳ ‘ಪಿಯದಸಿ’ ಅಶೋಕನೇ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಬಲದಿಂದ ಊಹಿಸಿದ್ದರು. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಂಡ ಮಸ್ಕಿಯ ಬಂಡೆಯಲ್ಲಿ ಅಶೋಕನೆಂಬ ಹೆಸರೇ ಇತ್ತು. ಊಹೆ ಮೊದಲೂ ಸರಿಯೇ ಇತ್ತು. ಬಂಡೆ ಸಂಶಯ ಕಳೆಯಿತು.

ಎಲ್ಲ ಮನೆಗಳ ಟಿವಿಯೂ ವಿವಿಡ್‌ನಲ್ಲೇ ಇರುವಾಗ ಒಬ್ಬ ಎಡಿಟರ್ ಮಾತ್ರ ಇಷ್ಟು ಕಷ್ಟಪಡುವುದೇಕೆ ಎಂದು ಕೇಳಬಹುದು. ಪ್ರತಿ ಟಿವಿಯ ದೋಷ ಬೇರೆ. ಅದರ ಮೇಲೆ ಎಡಿಟರ್ ತನ್ನ ಟಿವಿಯ ದೋಷವನ್ನೂ ಹೇರಿದರೆ ಎರಡೂ ಸೇರಿ ಮುಖವೇ ಕೆಡುತ್ತದೆ. ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಬಿಸಿಲ ಸೀಮೆಯ ಎಣ್ಣೆಗೆಂಪು, ನಸುಗಪ್ಪು ಮೈಬಣ್ಣದ ಮದುಮಗಳನ್ನು ವಿಡಿಯೋದಲ್ಲಿ ಬೆಳ್ಳಗೆ ಮಾಡುವ ರೂಢಿ ಬಲವಾಗಿದೆ. ನೀಲಿ ಬೆರೆತ ಬಿಳುಪಿಗೆ ಒಗ್ಗಿದ ಕಣ್ಣು ಅದನ್ನು ಸುಳ್ಳೆಂದು ಗುರುತಿಸುವುದೂ ಇಲ್ಲ. ಟಿವಿಯ ದೋಷಕ್ಕೆ ರಿಮೋಟಿನಲ್ಲಿ ಗುಂಡಿಯುಂಟು. ಈ ರೂಢಿಯನ್ನು ಬಿಡಿಸಲು ಎಡಿಟರ್ ಆ ಮುಖವನ್ನು ಅದರ ಬಣ್ಣದಲ್ಲೇ ಉಳಿಸಿ, ಮನೆಯವರು ಯಾಕೆ ಹೀಗೆ ಎಂದು ಕೇಳಿದಾಗ ಅವರೆದುರು ಕೂತು ಉತ್ತರ ಹೇಳಬೇಕಾಗುತ್ತದೆ.